ಬಾರಿನ ತಾರಸಿಗೂ ಹತ್ತು ಗಂಟೆಯ ನಿಯಮ ಅನ್ವಯವಾಗಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಪೇಟೆಯ ಅಂಚಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರಿಂದ ತುಸು ಒಳಕ್ಕೆ, ಮನೆಗಳ ನಡುವೆಯೇ ಇರುವ ಬಾರ್ ಹೋಟೆಲೊಂದು ತನ್ನ ಪರವಾನಗಿಯ ಷರತ್ತುಗಳನ್ನು ಬದಲಿಸಿಕೊಳ್ಳಲು ಹೊರಟಿದೆ ಎಂಬ ಮಾತು ನಮ್ಮ ಪರಿಸರದಲ್ಲಿ ಕೆಲವು ಸಮಯದಿಂದ ಕೇಳಿಬರುತ್ತಿದೆ. ಇದುವರೆಗೆ ಮೊದಲ ಮಹಡಿಯ ಹವಾನಿಯಂತ್ರಿತ ಕೋಣೆಗೆ ಸೀಮಿತವಾಗಿದ್ದ ಮದ್ಯ ಪೂರೈಕೆಯನ್ನು ಮೇಲಿನ ತೆರೆದ ತಾರಸಿಗೆ ವಿಸ್ತರಿಸುವುದು, ವಾರಾಂತ್ಯಗಳಲ್ಲಿ ಅಲ್ಲಿಯೇ ಧ್ವನಿವರ್ಧಕ ಸಹಿತ ಸಂಗೀತ ಏರ್ಪಡಿಸುವುದು ಅವರ ಉದ್ದೇಶವಂತೆ. 'ಅಂತೆ' ಎಂದು ಬರೆಯಬೇಕಾಗಿ ಬಂದಿರುವುದೇ ನಮ್ಮ ಮೊದಲ ದೂರು. ಸುತ್ತಮುತ್ತಲ ಮನೆಯವರಿಗೆ ಈ ವಿಷಯ ತಿಳಿದದ್ದು ಯಾವ ಪ್ರಕಟಣೆಯಿಂದಲೂ ಅಲ್ಲ, ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಸಲು ಬಂದ ಕೆಲಸಗಾರರ ಬಾಯಿಯಿಂದ. ಹೋಟೆಲಿನ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಇಂತಹ ಪ್ರಸ್ತಾವ ಇಂದು ನಮ್ಮಲ್ಲಿ ಬಂದಿದ್ದರೆ ನಾಳೆ ಕುಂಬಳೆಯಲ್ಲೋ ಉಪ್ಪಳದಲ್ಲೋ ಬರಬಹುದು.

ಇದು ಮದ್ಯನಿಷೇಧವನ್ನು ಬೇಡುವ ಪತ್ರವಲ್ಲ ಎಂಬುದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಕೇರಳದಲ್ಲಿ ಬಾರ್ ಎಂಬ ಸೊಲ್ಲೆತ್ತಿದ ಕೂಡಲೇ ಚರ್ಚೆ 'ಇರಬೇಕೋ ಬೇಡವೋ' ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. 2014ರ ಏಪ್ರಿಲಿನಲ್ಲಿ ಗುಣಮಟ್ಟವಿಲ್ಲವೆಂಬ ಕಾರಣಕ್ಕೆ 418 ಬಾರ್‌ಗಳ ಪರವಾನಗಿ ನವೀಕರಣವಾಗಲಿಲ್ಲ. ಅದೇ ವರ್ಷ ಪಂಚತಾರಾ ಹೋಟೆಲುಗಳಿಗೆ ಮಾತ್ರ ಬಾರ್ ಎಂಬ ನೀತಿ ಬಂತು. 2015ರ ಕೊನೆಗೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2016ರಲ್ಲಿ ಸರಕಾರ ಬದಲಾದ ಬಳಿಕ, 2017ರಲ್ಲಿ ತ್ರಿತಾರಾ ಹೋಟೆಲುಗಳಿಗೂ ಬಾರ್ ಮರಳಿತು. ಇಷ್ಟೆಲ್ಲ ಏರಿಳಿತದ ನಡುವೆ, ಇರುವ ಬಾರ್ ನೆರೆಕರೆಯವರ ಜತೆ ಹೇಗೆ ನಡೆದುಕೊಳ್ಳಬೇಕು ಎಂಬ ಸಣ್ಣ ಪ್ರಶ್ನೆಯನ್ನು ಯಾರೂ ನೆಮ್ಮದಿಯಿಂದ ಕೂತು ಚರ್ಚಿಸಲಿಲ್ಲ. ಮದ್ಯ ವಿರೋಧಿಗಳಿಗೆ ಅದು ತೀರಾ ಸಣ್ಣದಾಗಿ ಕಂಡಿತು, ವ್ಯಾಪಾರಸ್ಥರಿಗೆ ಅನಗತ್ಯವಾಗಿ ಕಂಡಿತು. ನಮ್ಮ ನೆರೆಯ ಹೋಟೆಲಿನ ಒಳಕೋಣೆಯಲ್ಲಿ ಬಾರ್ ನಡೆಯುತ್ತಿರುವುದಕ್ಕೆ ನಮ್ಮ ತಕರಾರು ಇರಲಿಲ್ಲ, ಈಗಲೂ ಇಲ್ಲ. ಅಲ್ಲಿ ದುಡಿಯುವ ಹುಡುಗರಲ್ಲಿ ಹಲವರು ನಮ್ಮ ಊರಿನವರೇ. ನಮ್ಮ ತಕರಾರು ಇರುವುದು ಬದಲಾವಣೆಯ ಕುರಿತು, ಅದರಲ್ಲೂ ರಾತ್ರಿ ಹತ್ತರ ಬಳಿಕದ ಹೊತ್ತಿನ ಕುರಿತು.

ಆ ಹೊತ್ತಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2017ರ ಮದ್ಯನೀತಿ ಬಾರ್‌ಗಳಿಗೆ ರಾತ್ರಿ 11 ಗಂಟೆಯ ತನಕ ತೆರೆದಿರುವ ಅವಕಾಶ ಕೊಟ್ಟಿತು. ಇನ್ನೊಂದೆಡೆ, ಪರಿಸರ ಸಂರಕ್ಷಣಾ ಕಾಯಿದೆಯಡಿ ಕೇಂದ್ರ ಸರಕಾರ 2000ದಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಲೆಕ್ಕದಲ್ಲಿ ರಾತ್ರಿ ಆರಂಭವಾಗುವುದು 10 ಗಂಟೆಗೆ, ಮುಗಿಯುವುದು ಬೆಳಗ್ಗೆ 6ಕ್ಕೆ. ಈ ಅವಧಿಯಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್‌ನಂತಹ ಮುಚ್ಚಿದ ಜಾಗಗಳ ಒಳಗಿನ ಬಳಕೆಗೆ ಮಾತ್ರ ವಿನಾಯಿತಿ. ಹೀಗಾಗಿ, ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ ಹತ್ತರ ಬಳಿಕವೂ ಮಿತವಾಗಿ ಸಂಗೀತ ನುಡಿಸುವುದು ಕಾನೂನಿಗೆ ವಿರುದ್ಧವಾಗಲಾರದು. ಆದರೆ ನಾಲ್ಕು ಕಡೆಯೂ ತೆರೆದಿರುವ ತಾರಸಿಯ ತಲೆಯ ಮೇಲೊಂದು ಶೀಟು ಹಾಸಿದ ಮಾತ್ರಕ್ಕೆ ಅದು ಮುಚ್ಚಿದ ಜಾಗವಾಗುವುದಿಲ್ಲ. ಬಾರ್ ಪರವಾನಗಿ ತಾರಸಿಗೆ ವಿಸ್ತರಣೆಯಾದರೂ ಅಲ್ಲಿನ ಧ್ವನಿವರ್ಧಕಕ್ಕೆ ಹತ್ತು ಗಂಟೆಯೇ ಕೊನೆ. ಅಬಕಾರಿ ಪರವಾನಗಿ ಮದ್ಯ ಕೊಡಲು ಅನುಮತಿಯೇ ಹೊರತು ಶಬ್ದ ಮಾಡಲು ಅನುಮತಿಯಲ್ಲ. ಬಾರ್ ಮುಚ್ಚುವ ಹೊತ್ತನ್ನು ಸರಕಾರ ಎಷ್ಟೇ ಮುಂದಕ್ಕೆ ತಳ್ಳಿದರೂ ಈ ಹತ್ತು ಗಂಟೆ ಅದರ ಜತೆ ಮುಂದಕ್ಕೆ ಹೋಗದು. ಇಷ್ಟು ಸ್ಪಷ್ಟವಾದ ಸಂಗತಿಯನ್ನು ಪರವಾನಗಿಯ ಷರತ್ತಿನಲ್ಲಿ ಬರೆಯದೆ ಬಿಟ್ಟರೆ, ಹೋಟೆಲಿನವರು ಒಂದು ಕಾಗದ ತೋರಿಸಿ, ನೆರೆಯವರು ಇನ್ನೊಂದು ನಿಯಮ ಉಲ್ಲೇಖಿಸಿ, ಗಸ್ತಿಗೆ ಬಂದ ಪೊಲೀಸರ ಎದುರು ಪ್ರತಿ ಶನಿವಾರ ವಾದ ಮಾಡುತ್ತಾ ನಿಲ್ಲಬೇಕಾಗುತ್ತದೆ.

ಶಬ್ದದ ಪ್ರಮಾಣವನ್ನೂ ಇದೇ ನಿಯಮಗಳು ಗೊತ್ತುಪಡಿಸಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್; ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55; ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತ 100 ಮೀಟರ್ ವ್ಯಾಪ್ತಿಯ ನಿಶ್ಶಬ್ದ ವಲಯದಲ್ಲಿ ಇನ್ನೂ ಕಡಿಮೆ. ಖಾಸಗಿ ಧ್ವನಿವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದು. ಹೋಟೆಲಿನವರು ತಮ್ಮ ಜಾಗ ವಾಣಿಜ್ಯ ಪ್ರದೇಶ ಎನ್ನುತ್ತಾರೆ, ನಾವು ವಸತಿ ಪ್ರದೇಶ ಎನ್ನುತ್ತೇವೆ. ನಡುವಿನ ವ್ಯತ್ಯಾಸ ಹತ್ತು ಡೆಸಿಬೆಲ್. ಕಾಗದದ ಮೇಲೆ ಹತ್ತು ಎಂಬುದು ಚಿಲ್ಲರೆಯಂತೆ ಕಂಡರೂ ಡೆಸಿಬೆಲ್ ಲೆಕ್ಕದಲ್ಲಿ ಅದು ಶಬ್ದಶಕ್ತಿಯ ಹತ್ತು ಪಟ್ಟು. ಕಿವಿಗೆ ಸುಮಾರು ಇಮ್ಮಡಿ ಸದ್ದು. ಮುಂದುಗಡೆ ಅಂಗಡಿ, ಹಿಂದುಗಡೆ ತೆಂಗಿನ ತೋಟ ಮತ್ತು ಮನೆ ಇರುವುದು ನಮ್ಮ ಪೇಟೆಗಳ ಸಹಜ ರೂಪ. ಇಂತಹ ಮಿಶ್ರ ಪ್ರದೇಶವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಸಕ್ಷಮ ಪ್ರಾಧಿಕಾರ ಘೋಷಿಸಬಹುದೆಂದು ನಿಯಮದಲ್ಲೇ ಇದೆ. ಪರವಾನಗಿ ಬದಲಿಸುವ ಮುನ್ನ ಆ ಘೋಷಣೆ ಆಗಲಿ. ಆಮೇಲೆ ಅಳೆಯಲು ಒಂದು ಅಂಕೆಯಾದರೂ ಸಿಗುತ್ತದೆ.

ಆದರೆ ಅಂಕೆಯೊಂದೇ ಸಾಲದು ಎಂಬುದು ಡಿಜೆ ಸಂಗೀತದ ಪಕ್ಕ ವಾಸಿಸಿದವರಿಗೆಲ್ಲ ಗೊತ್ತು. ಹಾಡಿನ ಮಾತು, ರಾಗ ಯಾವುದೂ ಕೇಳಿಸುವುದಿಲ್ಲ. ದಡ್, ದಡ್ ಎಂಬ ಏಟು ಮಾತ್ರ ಗೋಡೆಯ ಮೂಲಕ ಎದೆಗೆ ಬಂದು ತಾಗುತ್ತದೆ. ಇದಕ್ಕೆ ಕಾರಣ ಮಾಪಕದ ಲೆಕ್ಕಾಚಾರದಲ್ಲೇ ಇದೆ. ನಮ್ಮ ನಿಯಮಗಳು ಬಳಸುವ 'ಎ' ತೂಕದ ಡೆಸಿಬೆಲ್, ಮನುಷ್ಯನ ಕಿವಿಗೆ ಕೆಳಸ್ಥಾಯಿಯ ಸದ್ದು ಮಂದವಾಗಿ ಕೇಳಿಸುತ್ತದೆ ಎಂಬ ಆಧಾರದಲ್ಲಿ ಆ ಸದ್ದನ್ನು ಕಡಿತಗೊಳಿಸಿ ತೋರಿಸುತ್ತದೆ. 63 ಹರ್ಟ್ಸ್ ಆಸುಪಾಸಿನ ಬೇಸ್ ಸದ್ದಿನಲ್ಲಿ ಸುಮಾರು 26 ಡೆಸಿಬೆಲ್, 125 ಹರ್ಟ್ಸ್ ಸದ್ದಿನಲ್ಲಿ ಸುಮಾರು 16 ಡೆಸಿಬೆಲ್ ಲೆಕ್ಕದಿಂದ ಕಳೆದುಹೋಗುತ್ತವೆ. ಗೋಡೆಯನ್ನು ದಾಟಿ ಬರುವುದರಲ್ಲಿ ಮುಂದಿರುವುದು ಅದೇ ಕೆಳಸ್ಥಾಯಿಯ ಸದ್ದು. ಹೀಗಾಗಿ ಮಾಪಕ 'ಮಿತಿಯೊಳಗಿದೆ' ಎನ್ನುವಾಗಲೂ ಪಕ್ಕದ ಮನೆಯಲ್ಲಿ ತೊಟ್ಟಿಲ ಮಗು ನಿದ್ರೆ ಮಾಡದಿರಬಹುದು. ಕೆಳಸ್ಥಾಯಿಯನ್ನು ಹೆಚ್ಚುಕಡಿಮೆ ಇದ್ದಂತೆಯೇ ತೋರಿಸುವ 'ಸಿ' ತೂಕದ ಅಳತೆ ಅದೇ ಮಾಪಕದಲ್ಲಿ ಸಾಮಾನ್ಯವಾಗಿ ಒಂದು ಗುಂಡಿಯ ಆಯ್ಕೆ. ಕಾನೂನು ಅದನ್ನು ಕಡ್ಡಾಯಗೊಳಿಸಿಲ್ಲವಾದರೂ ಪರವಾನಗಿಯ ವಿಶೇಷ ಷರತ್ತಾಗಿ ಸೇರಿಸುವುದಕ್ಕೆ ಏನು ಅಡ್ಡಿ ಎಂಬುದು ನನಗೆ ಅರ್ಥವಾಗಿಲ್ಲ.

ನಮ್ಮ ಮನೆಗಳ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. 'ಕಿಟಕಿ ಮುಚ್ಚಿ ಮಲಗಿದರಾಯಿತಲ್ಲ' ಎಂದು ಸಲಹೆ ಕೊಟ್ಟವರಿದ್ದಾರೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮರದ ಕಿಟಕಿಯ ಮನೆಯಲ್ಲಿ ಮಾರ್ಚ್, ಏಪ್ರಿಲಿನ ಸೆಕೆಗೆ ಕಿಟಕಿ ಮುಚ್ಚಿ ಮಲಗುವುದು ಈ ಕರಾವಳಿಯಲ್ಲಿ ಹುಟ್ಟಿ ಬೆಳೆದ ಯಾರೂ ಹೇಳುವ ಮಾತಲ್ಲ. ಮುಚ್ಚಿದರೂ ಹಂಚಿನ ಸಂದಿಯಿಂದ ಗಾಳಿ ಬರುತ್ತದೆ, ಗಾಳಿಯ ಜತೆ ಸದ್ದೂ ಬರುತ್ತದೆ. ರಾತ್ರಿ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಂಪಾಗಿರುವಾಗ ಸದ್ದಿನ ಅಲೆಗಳು ಮೇಲಕ್ಕೆ ಹೋಗಿ ಕರಗುವ ಬದಲು ಕೆಳಕ್ಕೆ ಬಾಗಿ ದೂರದ ತನಕ ಸಾಗುತ್ತವೆ. ಎತ್ತರದ ತಾರಸಿಯಿಂದ ಹೊರಟ ಸದ್ದಿಗೆ ದಾರಿಯಲ್ಲಿ ಒಂದು ಆವರಣ ಗೋಡೆಯೂ ಅಡ್ಡ ಸಿಗುವುದಿಲ್ಲ. ಆಟಿಯ ಮಳೆಯಲ್ಲಿ ತಾರಸಿಯ ಮೇಲೆ ಕುಳಿತು ಕುಡಿಯುವವರು ಇರಲಾರರು, ಆಗ ನಮಗೂ ತೊಂದರೆಯಿಲ್ಲ. ತಾರಸಿಗೆ ಗಿರಾಕಿ ಸೇರುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತನಕದ ತಿಂಗಳುಗಳು ಮಕ್ಕಳಿಗೆ ಓದಿನ ಕಾಲವೂ ಹೌದು.

ಈ ವಿಷಯ ಮಾತಿಗೆ ಬಂದಾಗಲೆಲ್ಲ ಹೋಟೆಲಿನ ಪರ ಇರುವವರು ಕೇಳುವ ಒಂದು ಪ್ರಶ್ನೆಯಿದೆ: ರಾತ್ರಿಯಿಡೀ ಯಕ್ಷಗಾನದ ಆಟ, ಭೂತಕೋಲ, ತೆಯ್ಯಂ ನಡೆಯುವ ನಾಡಿನಲ್ಲಿ ಬಾರಿನ ಸಂಗೀತಕ್ಕೆ ಮಾತ್ರ ಯಾಕೆ ಈ ಗಡಿಯಾರ? ಪ್ರಶ್ನೆ ನ್ಯಾಯವಾದದ್ದೇ, ಅದನ್ನು ತಳ್ಳಿಹಾಕಬಾರದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಚೆಂಡೆಯ ಸದ್ದು ಸದ್ದೇ ಅಲ್ಲವೆಂದು ಹೇಳಿದರೆ ಅದು ಪಕ್ಷಪಾತವಾಗುತ್ತದೆ. ಆದರೆ ನಡೆದಿರುವುದನ್ನು ನೋಡಿ. 2022ರಲ್ಲಿ ಇದೇ ಶಬ್ದ ನಿಯಮದ ಕಾರಣಕ್ಕೆ ಕಟೀಲಿನ ಯಕ್ಷಗಾನ ಮೇಳಗಳೇ ಕಾಲಮಿತಿಯ ಪ್ರದರ್ಶನಕ್ಕೆ ಬಂದವು. ಭಕ್ತರು ಬೇಸರಪಟ್ಟರು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸಾಂಸ್ಕೃತಿಕ ಮತ್ತು ಧಾರ್ಮಿಕ ಸಂದರ್ಭಗಳಿಗೆ ಮಧ್ಯರಾತ್ರಿಯ ತನಕ ಧ್ವನಿವರ್ಧಕ ಬಳಸಲು ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನಗಳ ರಿಯಾಯಿತಿ ನೀಡಬಹುದು, ಅಷ್ಟೇ. ಬಯಲಾಟ ಒಂದು ಜಾಗದಲ್ಲಿ ವರ್ಷಕ್ಕೆ ಒಂದೆರಡು ರಾತ್ರಿ ನಡೆದು ಮುಂದಿನ ಊರಿಗೆ ಹೋಗುತ್ತದೆ. ಬಾರಿನ ತಾರಸಿ ಅಲ್ಲಿಯೇ ಇರುತ್ತದೆ, ಪ್ರತಿ ವಾರಾಂತ್ಯವೂ ಬರುತ್ತದೆ. ದೇವಸ್ಥಾನ, ಮಸೀದಿ, ಇಗರ್ಜಿಗಳ ಮೈಕುಗಳು ಎಲ್ಲಿ ಮಿತಿ ಮೀರುತ್ತವೆಯೋ ಅಲ್ಲಿಯೂ ಇದೇ ನಿಯಮ ಅನ್ವಯವಾಗಲಿ, ನಮ್ಮದೇನೂ ಆಕ್ಷೇಪವಿಲ್ಲ. ಇನ್ನೊಬ್ಬರ ಉಲ್ಲಂಘನೆಯನ್ನು ತೋರಿಸಿ ತನ್ನದನ್ನು ಪರವಾನಗಿಯಲ್ಲಿ ಬರೆಸಿಕೊಳ್ಳಲು ಆಗದು. 2005ರ ಜುಲೈ 18ರಂದು ಶಬ್ದಮಾಲಿನ್ಯ ಪ್ರಕರಣದಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಧ್ವನಿವರ್ಧಕದ ಮೂಲಕ ಇತರರನ್ನು ಒತ್ತಾಯದ ಕೇಳುಗರನ್ನಾಗಿ ಮಾಡುವ ಹಕ್ಕು ಯಾರಿಗೂ ಇಲ್ಲವೆಂದು ಹೇಳಿದ್ದು ಎಲ್ಲರನ್ನೂ ಉದ್ದೇಶಿಸಿ.

ನನ್ನ ಸಂಬಂಧಿಕರೊಬ್ಬರು ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ನೆಲೆಸಿದ್ದಾರೆ. ಅಲ್ಲಿನ ಬೀದಿಬೀದಿಗಳಲ್ಲಿ ಪಬ್‌ಗಳಿವೆ. ಕುಡಿತದ ವಿಷಯದಲ್ಲಿ ಅವರು ನಮಗಿಂತ ಮಡಿವಂತರೇನೂ ಅಲ್ಲ. ಹಾಗಿದ್ದರೂ ಅಲ್ಲೊಂದು ಪಬ್ ತನ್ನ ಪರವಾನಗಿಯ ಷರತ್ತು ಬದಲಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ತಿಳಿದಾಗ ನಮ್ಮ ವ್ಯವಸ್ಥೆಯ ಕೊರತೆ ಎದ್ದು ಕಂಡಿತು. ಅಲ್ಲಿನ 2003ರ ಪರವಾನಗಿ ಕಾಯಿದೆಯ ಪ್ರಕಾರ ಪರವಾನಗಿ ನೀಡುವುದು ಸ್ಥಳೀಯ ಕೌನ್ಸಿಲ್. ಷರತ್ತು ಬದಲಾಯಿಸಲು ಅರ್ಜಿ ಹಾಕಿದ ಪಬ್ ತನ್ನ ಕಟ್ಟಡದ ಮುಂದೆ, ದಾರಿಹೋಕರಿಗೆ ಓದಲು ಸಿಗುವಂತೆ, ತಿಳಿನೀಲಿ ಕಾಗದದ ನೋಟಿಸನ್ನು 28 ದಿನ ಅಂಟಿಸಿಡಬೇಕು, ಸ್ಥಳೀಯ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಆ ಅವಧಿಯೊಳಗೆ ನೆರೆಯವರು ಲಿಖಿತ ಆಕ್ಷೇಪ ಸಲ್ಲಿಸಿದರೆ, ಎರಡೂ ಕಡೆಯವರು ಒಪ್ಪಂದಕ್ಕೆ ಬಾರದ ಹೊರತು, ಕೌನ್ಸಿಲಿನ ಸಮಿತಿ ಬಹಿರಂಗ ವಿಚಾರಣೆ ನಡೆಸಬೇಕು. ಸಮಿತಿ ತೂಗಿ ನೋಡಬೇಕಾದ ನಾಲ್ಕು ಉದ್ದೇಶಗಳನ್ನು ಕಾಯಿದೆಯೇ ಹೇಳಿದೆ: ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ಸಾರ್ವಜನಿಕ ಉಪದ್ರವದ ತಡೆ, ಮಕ್ಕಳ ರಕ್ಷಣೆ. ಪಬ್ ಮುಚ್ಚಬೇಕು ಎಂಬ ಕೂಗಿಗೆ ಅಲ್ಲಿ ಬೆಲೆಯಿಲ್ಲ; ಹಿತ್ತಿಲ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಬೇಕು, ಹೊರಾಂಗಣದ ಮೇಜುಗಳನ್ನು ಯಾವಾಗ ಖಾಲಿ ಮಾಡಿಸಬೇಕು, ಸಂಗೀತದ ಸದ್ದಿಗೆ ಮಿತಿ ಹೇರುವ ಉಪಕರಣ ಬೇಕೇ ಎಂಬಂತಹ ಮಾತಿಗೆ ಬೆಲೆಯಿದೆ. ಒಪ್ಪಿಕೊಂಡ ಷರತ್ತಿನಿಂದ ಕೆಲಸವಾಗದಿದ್ದರೆ ಪರವಾನಗಿಯ ಮರುಪರಿಶೀಲನೆಗೆ ನೆರೆಯವರೇ ಅರ್ಜಿ ಹಾಕಬಹುದು.

ಆ ವ್ಯವಸ್ಥೆ ಪೂರ್ತಿಯಾಗಿ ನೆರೆಯವರ ಪಕ್ಷದಲ್ಲಿದೆ ಎಂದು ತಿಳಿಯಬೇಕಿಲ್ಲ. 2012ರಲ್ಲಿ ಬಂದ ಲೈವ್ ಮ್ಯೂಸಿಕ್ ಕಾಯಿದೆ, ಪಬ್‌ಗಳ ಸಣ್ಣ ಸಂಗೀತ ಕಾರ್ಯಕ್ರಮಗಳನ್ನು ಬೆಳಗ್ಗೆ 8ರಿಂದ ರಾತ್ರಿ 11ರ ತನಕ ಪರವಾನಗಿಯ ಗೋಜಿನಿಂದ ಬಿಡಿಸಿತು. 2018ರಿಂದ ಅಲ್ಲಿನ ಯೋಜನಾ ನೀತಿಯಲ್ಲಿ ಇನ್ನೊಂದು ತತ್ವ ಸೇರಿದೆ: ಇರುವ ಪಬ್‌ನ ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟುವವರು, ಆ ಮನೆಗೆ ಶಬ್ದ ತಾಗದಂತೆ ನೋಡಿಕೊಳ್ಳುವ ಹೊಣೆಯನ್ನು ತಾವೇ ಹೊರಬೇಕು, ಬದಲಾವಣೆ ತರುವವನದ್ದೇ ಭಾರ. ಇದು ನನಗೆ ಬಹಳ ಹಿಡಿಸಿದ ತತ್ವ. ಹಳೆಯ ಬಾರಿನ ಪಕ್ಕ ಹೊಸ ಫ್ಲ್ಯಾಟ್ ಕಟ್ಟಿ ಮಾರಿದ ಬಿಲ್ಡರ್ ಆಮೇಲೆ ಬಾರಿನ ಮೇಲೆ ದೂರು ಹಾಕಿಸುವುದು ಸರಿಯಲ್ಲ. ನಮ್ಮ ಪ್ರಕರಣದಲ್ಲಿ ಮಾತ್ರ ಮನೆಗಳು ಮೊದಲಿದ್ದವು, ಹೋಟೆಲ್ ಆಮೇಲೆ ಬಂತು, ತಾರಸಿಯ ಯೋಚನೆ ಈಗ ಬಂದಿದೆ. ಅದೇ ದೇಶದ ಹೈಕೋರ್ಟ್ 2011ರಲ್ಲಿ ಕೊಟ್ಟ ಒಂದು ತೀರ್ಪಿನಿಂದ ನಾವು, ಅಂದರೆ ನೆರೆಯವರು, ಕಲಿಯಬೇಕಾದದ್ದೂ ಇದೆ. ಪಕ್ಕದ ಆಸ್ತಿಗಳಿಗೆ ಕೇಳಿಸುವ ಸದ್ದು ಹೋಗದಂತೆ ತಡೆಯಬೇಕು ಎಂಬ ಷರತ್ತನ್ನು ಒಂದು ಪರವಾನಗಿಯಲ್ಲಿ ಬರೆಯಲಾಗಿತ್ತು. ಎಲ್ಲಿ ನಿಂತು, ಯಾರ ಕಿವಿಗೆ ಎಂಬುದು ಅದರಲ್ಲಿ ಇರಲಿಲ್ಲ. ಜಾರಿಗೊಳಿಸಲಾಗದಷ್ಟು ಅಸ್ಪಷ್ಟವೆಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೇಳಲು ಕಠಿಣವಾಗಿದ್ದರೂ ಅಳತೆಗೆ ಸಿಗದ ಷರತ್ತು ಇದ್ದೂ ಇಲ್ಲದಂತೆಯೇ. 'ನೆರೆಯವರಿಗೆ ತೊಂದರೆಯಾಗದಂತೆ ನಡೆಸಬೇಕು' ಎಂಬ ಒಂದು ಸಾಲು ಬರೆದು ನಮ್ಮನ್ನು ಸಮಾಧಾನಪಡಿಸುವ ಪ್ರಯತ್ನ ನಡೆದರೆ ಅದಕ್ಕೆ ಒಪ್ಪಬಾರದೆಂದು ನಮ್ಮ ನೆರೆಕರೆಯವರಲ್ಲೂ ಹೇಳಿದ್ದೇನೆ.

ಕೇರಳದಲ್ಲಿ ನೆರೆಯವರ ದನಿಗೆ ಇದ್ದ ಒಂದು ದಾರಿ 2017ರಲ್ಲಿ ಮುಚ್ಚಿತು. ಅಲ್ಲಿಯ ತನಕ ಮದ್ಯದಂಗಡಿ ತೆರೆಯಲು ಪಂಚಾಯತು ಅಥವಾ ನಗರಸಭೆಯ ನಿರಾಕ್ಷೇಪಣಾ ಪತ್ರ ಬೇಕಾಗಿತ್ತು. ಪಂಚಾಯತ್‌ರಾಜ್ ಮತ್ತು ನಗರಸಭಾ ಕಾಯಿದೆಗಳಿಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು ಆ ಅಗತ್ಯವನ್ನು ತೆಗೆದುಹಾಕಲಾಯಿತು. ಆ ಅಧಿಕಾರ ಸ್ಥಳೀಯ ಮಟ್ಟದಲ್ಲಿ ಎಷ್ಟೋ ಬಾರಿ ದುರುಪಯೋಗವಾಗುತ್ತಿತ್ತು ಎಂಬ ವಾದವನ್ನು ಒಪ್ಪಿಕೊಳ್ಳೋಣ. ಆದರೆ ಅದರ ಜಾಗದಲ್ಲಿ ಜನರ ಮಾತು ಕೇಳುವ ಬೇರೊಂದು ವೇದಿಕೆ ಬರಬೇಕಿತ್ತು. ವಾರ್ಡ್ ಸದಸ್ಯರ ಬಳಿ ಹೋದರೆ ಅವರ ಕೈಯಲ್ಲಿ ಏನೂ ಇಲ್ಲ. ಪರವಾನಗಿ ಒಂದು ಇಲಾಖೆಯದ್ದು, ಶಬ್ದ ನಿಯಂತ್ರಣ ಇನ್ನೊಂದರದ್ದು, ಮಾಪಕ ಮೂರನೆಯದ್ದು, ಕಟ್ಟಡದ ನಕ್ಷೆ ನಾಲ್ಕನೆಯದ್ದು. ದೂರುದಾರ ಮಾತ್ರ ಒಬ್ಬನೇ. ಗಡಿಯಾಚೆಯಿಂದ ಬರುವ ಕರ್ನಾಟಕದ ಮದ್ಯವನ್ನು ಹಿಡಿಯುವುದರಲ್ಲೇ ದಿನ ಕಳೆಯುವ ನಮ್ಮ ಗಡಿ ಜಿಲ್ಲೆಯ ಅಬಕಾರಿ ಸಿಬಂದಿಗೆ ತಾರಸಿಯ ಸ್ಪೀಕರ್ ದೊಡ್ಡ ವಿಷಯವಾಗಿ ಕಾಣದಿರುವುದು ಸಹಜ.

ಇದರ ಜತೆಗೆ ಭಾಷೆಯ ವಿಷಯವೂ ಇದೆ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳನ್ನು ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಸರಕಾರವೇ ಒಪ್ಪಿಕೊಂಡಿದೆ. ಆದರೂ ಇಂತಹ ಅರ್ಜಿಯ ಬಗ್ಗೆ ಎಲ್ಲಾದರೂ ಒಂದು ಕಾಗದ ಅಂಟಿಸಿದರೂ ಅದು ಮಲಯಾಳದಲ್ಲಿ ಮಾತ್ರ ಇದ್ದರೆ, ಕನ್ನಡ ಮಾಧ್ಯಮದಲ್ಲಿ ಓದಿದ, ಮಲಯಾಳ ಮಾತನಾಡಬಲ್ಲರಾದರೂ ಓದಲಾರದ ಹಿರಿಯರಿಗೆ ಅದು ಅಂಟಿಸದ ಕಾಗದಕ್ಕೆ ಸಮ. ರಾತ್ರಿಯ ಸದ್ದು ಹೆಚ್ಚು ಬಾಧಿಸುವುದೂ ಅವರನ್ನೇ. ಪರವಾನಗಿ ಬದಲಾವಣೆಯ ನೋಟಿಸು ಕನ್ನಡದಲ್ಲೂ ಇರಬೇಕು, ಕನ್ನಡದಲ್ಲಿ ಬರೆದ ಆಕ್ಷೇಪವನ್ನು ತಕರಾರಿಲ್ಲದೆ ಸ್ವೀಕರಿಸಬೇಕು ಎಂಬುದು ಹೊಸ ಬೇಡಿಕೆಯೇನಲ್ಲ.

ಹಾಗಾದರೆ ತಾರಸಿಯೇ ಬೇಡವೇ? ಬೇಕಲದ ಕೋಟೆ, ಕಡಲತೀರಕ್ಕೆ ಬರುವ ಪ್ರವಾಸಿಗರು ರಾತ್ರಿ ತಂಗಲು ಮಂಗಳೂರಿಗೋ ಕಣ್ಣೂರಿಗೋ ಹೋಗುವ ಬದಲು ಇಲ್ಲಿಯೇ ಉಳಿದರೆ ಊರಿಗೆ ಲಾಭ ಎಂಬುದನ್ನು ಅಲ್ಲಗಳೆಯುವುದಿಲ್ಲ. ತೆರೆದ ತಾರಸಿಯಲ್ಲಿ ಊಟ, ಪಾನ ಹತ್ತರ ತನಕ ನಡೆಯಲಿ, ಆಮೇಲೆ ಗಿರಾಕಿಗಳು ಒಳಕೋಣೆಗೆ ಇಳಿಯಲಿ. ಸ್ಪೀಕರ್ ತಾರಸಿಯಲ್ಲಿ ಇಡಲೇಬೇಕೆಂದಾದರೆ, ನಿಗದಿತ ಮಿತಿಯನ್ನು ಮೀರಿದೊಡನೆ ತಾನಾಗಿ ಸದ್ದು ತಗ್ಗಿಸುವ ಉಪಕರಣವನ್ನು ಅಳವಡಿಸಿ, ಅದರ ಬೀಗವನ್ನು ಡಿಜೆಯ ಕೈಗೆ ಕೊಡದಿರಲಿ. ಸದ್ದನ್ನು ಅಳೆಯುವ ಜಾಗ ಹೋಟೆಲಿನ ಮುಂಬಾಗಿಲಲ್ಲ, ಮನೆಗಳಿಗೆ ತಾಗಿದ ಹಿಂಬದಿಯ ಗಡಿ ಎಂದು ನಕ್ಷೆಯಲ್ಲೇ ಗುರುತು ಹಾಕಲಿ. ಮುಚ್ಚುವ ಹೊತ್ತಿಗೆ ಬೈಕ್, ಕಾರುಗಳು ಹೆದ್ದಾರಿಯ ಸರ್ವಿಸ್ ರಸ್ತೆಯ ಕಡೆಯಿಂದಲೇ ಹೊರಹೋಗಲಿ, ಒಳರಸ್ತೆಯ ಗೇಟಿಗೆ ಬೀಗ ಬೀಳಲಿ. ಬೇಸರದ ಸಂಗತಿಯೆಂದರೆ, ಸಂಗೀತಕ್ಕಿಂತಲೂ ಆ ಹೊತ್ತಿನ ಬೊಬ್ಬೆ, ಹಾರನ್, ಜಗಳ ಇನ್ನೂ ಕೆಟ್ಟದ್ದಾಗಿರುತ್ತದೆ; ಅದಕ್ಕೆ ಡೆಸಿಬೆಲ್ ಮಾಪಕ ಹಿಡಿದು ಕಾಯುವವರು ಯಾರು? ಹೋಟೆಲಿನ ಹೊಣೆಗಾರ ಸಿಬಂದಿಯೊಬ್ಬರು ಆ ಅರ್ಧ ಗಂಟೆ ಹೊರಗೆ ನಿಲ್ಲುವುದಲ್ಲದೆ ಬೇರೆ ಉಪಾಯ ನನಗೆ ತೋಚುತ್ತಿಲ್ಲ.

ಬಾರ್ ಪರವಾನಗಿ ಮಾರ್ಚ್ 31ಕ್ಕೆ ಮುಗಿದು ಏಪ್ರಿಲ್ 1ರಿಂದ ನವೀಕರಣವಾಗುವ ವ್ಯವಸ್ಥೆ ನಮ್ಮಲ್ಲಿದೆ. ತಾರಸಿಗೆ ಅನುಮತಿ ಕೊಡುವುದೇ ಆದರೆ ಅದನ್ನು ಮುಂದಿನ ನವೀಕರಣದ ತನಕದ ಪ್ರಾಯೋಗಿಕ ಅನುಮತಿಯಾಗಿ ಮಾತ್ರ ಕೊಡಬೇಕು, ಆ ಅವಧಿಯ ದೂರುಗಳನ್ನೂ ಅಳತೆಯ ದಾಖಲೆಗಳನ್ನೂ ನೋಡಿದ ಮೇಲೆಯೇ ಮುಂದುವರಿಸಬೇಕು. ಅದಕ್ಕೆ ಮುನ್ನ ಅಬಕಾರಿ ಮತ್ತು ಪೊಲೀಸ್ ಅಧಿಕಾರಿಗಳು, ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪಕದ ಸಹಿತ, ಸ್ಥಳ ಪರಿಶೀಲನೆಗೆ ಬರಬೇಕೆಂದು ಜಿಲ್ಲಾಡಳಿತವನ್ನು ಈ ಪತ್ರದ ಮೂಲಕ ವಿನಂತಿಸುತ್ತೇನೆ. ಆ ಭೇಟಿ ಹಗಲು ಕಚೇರಿಯ ಸಮಯದಲ್ಲಿ ಆಗದಿರಲಿ. ಪರೀಕ್ಷಾರ್ಥವಾಗಿ ತಾರಸಿಯ ಸ್ಪೀಕರನ್ನು ಹೋಟೆಲಿನವರು ಬಯಸುವ ಪ್ರಮಾಣದಲ್ಲೇ ನುಡಿಸಿ, ಶನಿವಾರ ರಾತ್ರಿ ಒಂಬತ್ತೂವರೆಗೆ, ಎರಡೂ ಕಡೆಯವರ ಎದುರಿನಲ್ಲಿ, ಹಿಂಬದಿಯ ಗಡಿಯಲ್ಲಿ ನಿಂತು ಅಳೆದು, ಬಂದ ಅಂಕೆಯನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ನಮಗೆ ಬರೆದು ಕೊಡಲಿ.

ಇತಿ,
ಓರ್ವ ನಿವಾಸಿ, ಕಾಸರಗೋಡು